ಒದಾರ್ಕಾ ಆರಗೊಡದ ಒಲೆ

ನಾನು ಒಂದು ಮಣ್ಣಿನ ಒಲೆ. ಮೂರು ಕಲ್ಲಿಟ್ಟು ಗಂಜಿ ಕಾಯಿಸುವ ಒಲೆ ಅಂದುಕೊಂಡೀರಿ, ಜೋಕೆ! ಉಕ್ರೇನಿನ ಗಡಿಯಲ್ಲಿ, ಹೊಳೆದಂಡೆಯ ತಿಖಿ ಬ್ರಿದ್ ಎಂಬ ಹಳ್ಳಿಯಲ್ಲಿ, ಅರ್ಧ ಮನೆ ತುಂಬಿ ಕೂತವಳು ನಾನು. ಊರ ಹೆಂಗಸರೆಲ್ಲ ಲಂಗ ಎತ್ತಿಕಟ್ಟಿ, ಮಣ್ಣು ಹುಲ್ಲು ತುಳಿದು, ಒಂದೇ ದಿನದಲ್ಲಿ ನನ್ನನ್ನು ಕಟ್ಟಿ ನಿಲ್ಲಿಸಿದರು. ಹೊಟ್ಟೆಯಲ್ಲಿ ರೊಟ್ಟಿ ಬೇಯುತ್ತಿತ್ತು. ಚಳಿಗಾಲವಿಡೀ ಮನೆಮಂದಿ ನನ್ನ ಬೆನ್ನ ಮೇಲೆ ಮಲಗುತ್ತಿದ್ದರು.

ಆ ಸೀಮೆಯಲ್ಲಿ ಒಲೆಯ ಎದುರು ಯಾರೂ ಬಯ್ಯುವಂತಿಲ್ಲ. ಜಗಳ ಎಷ್ಟೇ ಏರಲಿ, "ಹೇಳ್ತಿದ್ದೆ, ಏನ್ಮಾಡ್ಲಿ, ಒಲೆ ಇದೆ" ಎಂದು ಮಾತು ನುಂಗಿಕೊಳ್ಳುತ್ತಾರೆ. ನನಗೋ ಬಯ್ಯುವ ಚಪಲ ತಡೆಯಲಾಗುತ್ತಿರಲಿಲ್ಲ! ಕೂತಲ್ಲೇ ಮೂರು ಸರ್ಕಾರ ಕಂಡೆ. ಬಂದವರೆಲ್ಲ ಗಡಿಯನ್ನು ಹೊಳೆಯ ಆಚೆಗೊಮ್ಮೆ ಈಚೆಗೊಮ್ಮೆ ಎಳೆದರು. ರೊಟ್ಟಿ ಮಾತ್ರ ಎಲ್ಲರೂ ನನ್ನದನ್ನೇ ತಿಂದರು.

ದೊಡ್ಡ ಯುದ್ಧ ಮುಗಿದ ಮೇಲೆ ಆಜ್ಞೆ ಬಂತು: ಗಡಿಯಂಚಿನಲ್ಲಿ ಯಾರೂ ಇರಕೂಡದು. ನನ್ನ ಒಡತಿ ಒದಾರ್ಕಾ, ಐವತ್ತು ದಾಟಿದ ವಿಧವೆ, ನನ್ನ ಬೆನ್ನೇರಿ ಮಲಗಿಬಿಟ್ಟಳು. ನಾಲ್ವರು ಸಿಪಾಯಿಗಳು ಕಂಬಳಿ ಸಮೇತ ಹೊತ್ತು ಗಾಡಿಗೆ ಹಾಕಿದರು. ಸೂರು ಕಿತ್ತರು, ಗೋಡೆ ಕೆಡವಿದರು. ನನ್ನ ಹತ್ತಿರ ಬಂದಾಗ ಹಾರೆ ಹಿಡಿದವನು ನಿಂತುಬಿಟ್ಟ. ಅವನೂ ಅಂಥದೇ ಹಳ್ಳಿಯವನು. "ಒಲೆ ಮಾತ್ರ ನಾನು ಒಡೆಯಲ್ಲ, ಸಾಹೇಬ್ರೇ" ಎಂದ. ಬಯಲಲ್ಲಿ ಒಂಟಿಯಾಗಿ ಉಳಿದೆ. ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ?

ಹಿಮ ಕರಗುತ್ತಲೇ ಒದಾರ್ಕಾ ಹಿಟ್ಟಿನ ಚೀಲ ಹೊತ್ತು ನಡೆದೇ ಬಂದಳು. "ಇದ್ದೀಯೇನೇ ನನ್ನವ್ವ!" ಎಂದು ತಬ್ಬಿಕೊಂಡಳು. ಬಿರುಕಿಗೆ ಮಣ್ಣು ಮೆತ್ತಿ ಬೆಂಕಿ ಹಾಕಿದಳು.

ಹೊಗೆ ಕಂಡು ಗಡಿಕಾವಲಿನ ಅಧಿಕಾರಿ ಸಿಪಾಯಿಗಳೊಡನೆ ಓಡಿಬಂದ.

"ಆರಿಸು ಅದನ್ನ! ಮನೆಯೇ ಇಲ್ಲ, ಎಲ್ಲಿರ್ತೀಯ?"

"ಒಲೆ ಇದೆ. ಗೋಡೆ ಆಮೇಲೆ ಬರುತ್ತೆ."

ಅವನು ನೀರಿನ ಬಕೆಟ್ ಎತ್ತಿದ. ಒದಾರ್ಕಾ ನನ್ನತ್ತ ತಿರುಗಿ, "ತಪ್ಪಾಯ್ತು ತಾಯಿ, ಕಿವಿ ಮುಚ್ಚಿಕೋ" ಎಂದಳು. ಆಮೇಲೆ ಶುರುಮಾಡಿದಳು ನೋಡಿ! ಜೀವಮಾನವಿಡೀ ನುಂಗಿದ್ದೆಲ್ಲ ಹೊರಬಂತು. "ಮನೆಹಾಳ! ನಿನ್ನ ಕೈ ಸೇದಿಹೋಗ! ನಿಮ್ಮವ್ವನ ಒಲೆಗೂ ನೀರು ಸುರೀತಿದ್ದೆಯೇನೋ?"

ಕಿವಿ ಮುಚ್ಚಿಕೊಳ್ಳುವುದೇ? ಒಂದಕ್ಷರ ಬಿಡದೆ ಕೇಳಿದೆ! ಸಿಪಾಯಿಗಳು ತಲೆತಗ್ಗಿಸಿ ಟೋಪಿ ತೆಗೆದರು. ಎತ್ತಿದ ಬಕೆಟ್ ಅಧಿಕಾರಿಯ ಕೈಯಲ್ಲೇ ಉಳಿಯಿತು. ಅಷ್ಟರಲ್ಲಿ ಗುಡ್ಡದ ಹಿಂದೆ ಬಿಡಾರ ಹಾಕಿದ್ದ ಊರವರು ಹೊಗೆ ನೋಡಿ, ಸಲಿಕೆ ಹಿಡಿದು ಒಬ್ಬೊಬ್ಬರೇ ಇಳಿದು ಬಂದರು. ಒಬ್ಬಳನ್ನು ಹೊತ್ತೊಯ್ಯಬಹುದು, ನಲವತ್ತು ಮಂದಿಯನ್ನು? ಅವನು ಬಕೆಟ್ ಕೆಳಗಿಟ್ಟ. ಸಂಜೆಗೆ ರೊಟ್ಟಿ ಬೆಂದಿತು. ಅವನಿಗೆ ಒಂದು ಚೂರೂ ಕೊಡಲಿಲ್ಲ.

ಗೋಡೆ, ಸೂರು ನನ್ನ ಸುತ್ತ ಮತ್ತೆ ಎದ್ದವು. ಈಗ ನಾನು ಹಣ್ಣು ಮುದುಕಿ. ಒದಾರ್ಕಾಳ ಮೊಮ್ಮಗಳು ಸೊಲೊಮಿಯಾ ಗ್ಯಾಸ್ ತರಿಸಿ, ನನ್ನ ಮೇಲೆ ಹೂಕುಂಡ ಇಟ್ಟಿದ್ದಳು. ಮತ್ತೆ ಯುದ್ಧ ಬಂತು, ಗ್ಯಾಸ್ ನಿಂತಿತು. "ಊರು ಬಿಡು" ಎಂದು ಅವಳಿಗೆ ಹೇಳಿದವರು ಬಹಳ. ಅವಳು ಕುಂಡಗಳನ್ನು ಕಿಟಕಿಗೆ ಸಾಗಿಸಿ, ಸೌದೆ ತಂದು, "ಹೊತ್ತಿಕೋ ಅಜ್ಜಿ" ಎಂದಳು.

ಹೊತ್ತಿಕೊಂಡೆ. ಈಗ ಏಳು ಮನೆಗೆ ರೊಟ್ಟಿ ನನ್ನದೇ. ಆರಿಸುವವರು ಯಾರಿದ್ದಾರೋ, ಬರಲಿ.