ಬಾಗಿಲವರೆಗೆ ನಡೆದು ಬನ್ನಿ

ಹೊಟ್ಟೆಕಿಚ್ಚು ಬೇರೆಯವರಿಗೆ ಬರುವ ಕಾಯಿಲೆ ಎಂದುಕೊಂಡಿದ್ದವಳು ನಾನು. ನಾನು ಕೂದಲು ಕತ್ತರಿಸುವ ಪಾರ್ಲರಿಗೆ ಬೆಣ್ಣೆ ಎನ್ನುವವಳು ಕೆಲಸಕ್ಕೆ ಸೇರಿದ ಮೇಲೆ ಆ ಭ್ರಮೆ ಬಿಟ್ಟುಹೋಯಿತು.

ಬೆಣ್ಣೆ ಎಂಬುದು ನಾನೇ ಇಟ್ಟ ಹೆಸರು. ಅಷ್ಟು ಮೆತ್ತಗೆ ಮಾತಾಡುತ್ತಾಳೆ. ನನಗಿಂತ ಬಹಳವೇನೂ ಚಿಕ್ಕವಳಲ್ಲ, ಆದರೂ ಮೊದಲ ದಿನವೇ ನನ್ನನ್ನು 'ಆಂಟಿ' ಎಂದಳು. ನಮ್ಮದು ಎಣ್ಣೆ ಸೀಗೆಕಾಯಿ ಸಂಬಂಧ ಎಂದು ಅವತ್ತೇ ತೀರ್ಮಾನವಾಯಿತು. ಪಾಪ, ಅವಳಿಗೆ ಮಾತ್ರ ಅದು ಗೊತ್ತಿರಲಿಲ್ಲ.

ನಮ್ಮಲ್ಲಿ ಮೂರು ಕುರ್ಚಿಗಳು. ಕಿಟಕಿ ಪಕ್ಕದ್ದು ಯಜಮಾನಿಯದು, ನಡುವಿನದು ನನ್ನದು, ತಲೆ ತೊಳೆಯುವ ತೊಟ್ಟಿಯ ಪಕ್ಕ ನೀರು ಸಿಡಿಯುವಲ್ಲಿರುವುದು ಬೆಣ್ಣೆಯದು. ಒಬ್ಬರ ಗಿರಾಕಿಯ ತಲೆಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಗಿರಾಕಿಯೇ ಕುರ್ಚಿ ಬದಲಿಸಿದರೆ ತಡೆಯುವಂತೆಯೂ ಇಲ್ಲ. ಇನ್ನೊಂದು ಕಟ್ಟಳೆಯಿದೆ. ಕೆಲಸದವರು ಹೊರಗೆ ಹೋಗಿ ಕೂದಲು ಕತ್ತರಿಸಿಕೊಳ್ಳಬಾರದು, ನಮ್ಮನಮ್ಮಲ್ಲೇ ಆಗಬೇಕು. "ನೀವು ನಡೆದಾಡೋ ಬೋರ್ಡು ಕಣ್ರೇ" ಎನ್ನುತ್ತಾರೆ ಯಜಮಾನಿ. ಹಾಗಾಗಿ ಯಾರು ಯಾರ ಕೈಗೆ ತಲೆ ಕೊಟ್ಟರು ಎಂಬುದು ಸಣ್ಣ ವಿಷಯವಲ್ಲ. ಕೊಟ್ಟರೆ ಆ ಕೈ ಮೇಲು ಎಂದು ಒಪ್ಪಿಕೊಂಡ ಹಾಗೆ. ನಾನು ಯಜಮಾನಿಗೆ ಬಿಟ್ಟು ಯಾರಿಗೂ ತಲೆ ಕೊಟ್ಟವಳಲ್ಲ.

ಬೆಣ್ಣೆ ಬಂದವರನ್ನು ಮೊದಲು ಕೂರಿಸುವುದಿಲ್ಲ, ನಡೆಸುತ್ತಾಳೆ. "ಬಾಗಿಲವರೆಗೆ ಒಂದ್ಸಲ ನಡೆದು ಬನ್ನಿ" ಎಂದು ಕೈಕಟ್ಟಿ ನಿಲ್ಲುತ್ತಾಳೆ. ಕೇಳಿದರೆ, "ಕೂತಾಗ ಕೂದಲು ಸುಮ್ನಿರತ್ತೆ ಆಂಟಿ, ನಡೆದಾಗಲೇ ಅದರ ಬುದ್ಧಿ ಗೊತ್ತಾಗೋದು" ಅಂದಳು. ನಾನು ಯಜಮಾನಿಯ ಕಿವಿಯಲ್ಲಿ, "ಇದೇನು ಪಾರ್ಲರೋ, ಕವಾಯತು ಮೈದಾನವೋ" ಎಂದೆ. ಅವರು ನಗಲಿಲ್ಲ. ಅದು ನನಗೆ ಚುಚ್ಚಿತು.

ಆಮೇಲೆ ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿದರು. ಮೊದಲು ಔಷಧಿ ಅಂಗಡಿಯವಳು, ಆಮೇಲೆ ಅವಳ ಅತ್ತಿಗೆ. ನನ್ನ ಕುರ್ಚಿ ಖಾಲಿಯಿದ್ದರೂ ಬೆಂಚಿನಲ್ಲಿ ಕೂತು, "ಪರವಾಗಿಲ್ಲ, ನಮಗೇನೂ ಅವಸರ ಇಲ್ಲ" ಎನ್ನುವವರು. ಇಷ್ಟು ವರ್ಷ ನನ್ನ ಹತ್ತಿರ ಬಂದಾಗಲೆಲ್ಲ ಒಲೆ ಮೇಲೆ ಹಾಲಿಟ್ಟು ಬಂದವರ ಹಾಗೆ ಅವಸರ ಮಾಡಿದವರೇ ಅವರು!

ಒಂದು ದಿನ ಯಾರೂ ನೋಡದಾಗ ನಾನೂ ಪ್ರಯತ್ನಿಸಿದೆ. ನಿವೃತ್ತ ಮೇಡಂ ಒಬ್ಬರು, ಮಂಡಿನೋವಿನವರು, ನನ್ನಲ್ಲೇ ಉಳಿದಿದ್ದರು. "ಬಾಗಿಲವರೆಗೆ ನಡೆದು ಬನ್ನಿ ಮೇಡಂ" ಎಂದೆ. ಅವರು ಗೋಡೆ ಹಿಡಿದು ಹೋಗಿ, ಗೋಡೆ ಹಿಡಿದು ಬಂದು, "ಕೂದಲು ನೋಡಿದ್ಯೋ, ನನ್ನ ಮಂಡಿ ನೋಡಿದ್ಯೋ?" ಎಂದು ಕೇಳಿದರು. ನಿಜ ಹೇಳಬೇಕೆಂದರೆ ಏನು ನೋಡಬೇಕೆಂದೇ ನನಗೆ ಗೊತ್ತಾಗಲಿಲ್ಲ. ಯಾವಾಗಿನ ಹಾಗೆ ನೀರು ಚಿಮುಕಿಸಿ ಕತ್ತರಿಸಿ ಕಳಿಸಿದೆ. ಮುಂದಿನ ಸಲ ಅವರೂ ಹೋಗಿ ಬೆಂಚಿನಲ್ಲಿ ಕೂತರು.

ಮನೆಯಲ್ಲಿ ಗಂಡ, "ಸಾಕು ಬಿಡೇ ಆ ಕೆಲಸ. ದಿನಾ ಬಂದು ಅವಳದೇ ಪುರಾಣ ಹೇಳ್ತೀಯ" ಎಂದರು.

"ಈಗ ಬಿಟ್ರೆ ಅವಳೇ ಓಡಿಸಿದಳು ಅಂತಾಗತ್ತೆ."

"ಹಾಗಾದ್ರೆ ಯಾವಾಗ ಬಿಡ್ತೀಯ?"

"ನನ್ನ ಕುರ್ಚಿಗೇ ಅಂತ ಒಬ್ಬರಾದ್ರೂ ಬರ್ತಿರೋವರೆಗೂ ಬಿಡಲ್ಲ" ಎಂದೆ. ಆ ಒಬ್ಬರು ಯಾರೆಂದು ಇಬ್ಬರಿಗೂ ಗೊತ್ತಿತ್ತು. ನಮ್ಮಕ್ಕ. ನಾನು ಕತ್ತರಿ ಹಿಡಿಯಲು ಕಲಿತದ್ದೇ ಅವಳ ತಲೆಯ ಮೇಲೆ. ಆಗ ಅವಳ ಕೂದಲನ್ನು ಎಷ್ಟು ಕೆಡಿಸಿದ್ದೆನೆಂದರೆ ಎರಡು ತಿಂಗಳು ತಲೆಗೆ ಬಟ್ಟೆ ಕಟ್ಟಿಕೊಂಡು ಓಡಾಡಿದ್ದಳು. ಆದರೂ ಇನ್ನೊಬ್ಬರ ಕುರ್ಚಿ ಹತ್ತಿದವಳಲ್ಲ. ಅಕ್ಕ ಇರುವ ತನಕ ನನಗೆ ನೆಲೆಯಿದೆ ಎಂದೇ ನಂಬಿದ್ದೆ.

ಅಷ್ಟರಲ್ಲಿ ಯಜಮಾನಿಯ ಮಣಿಕಟ್ಟು ಊದಿಕೊಂಡಿತು. ಡಾಕ್ಟರು ಪಟ್ಟಿ ಕಟ್ಟಿ ಕತ್ತರಿ ಮುಟ್ಟಬೇಡಿ ಎಂದರು. ನನ್ನ ಕೂದಲು ಭುಜ ದಾಟಿತು. "ಬೋರ್ಡು ಮಾಸಿದೆ" ಎಂದ ಯಜಮಾನಿ ತೊಟ್ಟಿಯ ಕಡೆಗೆ ಗಲ್ಲದಲ್ಲೇ ಸನ್ನೆ ಮಾಡಿದರು. ನಾನು ಆದಷ್ಟು ದಿನ ತಳ್ಳಿದೆ. ಕೊನೆಗೆ ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಎದ್ದು ಹೋದೆ. ತಪ್ಪು ಹಿಡಿಯಬೇಕೆಂದೇ ಹೋದೆ, ಸುಳ್ಳೇಕೆ.

ಬೆಣ್ಣೆ ಕೈಯಲ್ಲಿದ್ದ ಟವೆಲ್ ಕೆಳಗಿಟ್ಟಳು. "ನಿಮಗೆ ನಾನು ಕತ್ತರಿಸೋದಾ ಆಂಟಿ?" ಎಂದಳು.

"ಬೇರೆ ಯಾರಿದಾರೆ?"

"ಹಾಗಾದ್ರೆ... ಬಾಗಿಲವರೆಗೆ ಒಂದ್ಸಲ..."

ನಡೆದೆ. ನಾನು ಆಳುವ ಜಾಗದಲ್ಲಿ ನನ್ನನ್ನು ಯಾರೋ ಹಿಂದಿನಿಂದ ನೋಡುತ್ತಿದ್ದಾರೆ ಎಂದು ಕಿವಿ ಬಿಸಿಯಾಯಿತು. ಬಾಗಿಲ ಹತ್ತಿರ ಹೋದಾಗ ಹೀಗೆಯೇ ಹೊರಟುಬಿಡೋಣವೆನಿಸಿತು. ಆದರೆ ಕೈಚೀಲ ಒಳಗಿತ್ತು.

"ನೀವು ಎಡಕ್ಕೆ ಕತ್ತು ವಾಲಿಸ್ಕೊಂಡು ನಡೀತೀರ ಆಂಟಿ. ನಿಂತು ನಿಂತು, ಬಗ್ಗಿ ಬಗ್ಗಿ ಹಾಗಾಗಿದೆ. ಎರಡೂ ಕಡೆ ಸಮ ಕತ್ತರಿಸಿದ್ರೂ ಎಡಗಡೆ ಉದ್ದ ಕಾಣತ್ತೆ. ಒಂದು ಚೂರು ಕಮ್ಮಿ ಮಾಡ್ಲಾ?"

ಇಷ್ಟು ವರ್ಷ ಯಜಮಾನಿಯೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. "ಮಾಡು" ಎಂದೆ.

ಅವಳು ಮುಗಿಸಿದ ಮೇಲೆ ಕನ್ನಡಿಯಲ್ಲಿ ತಪ್ಪು ಹುಡುಕಿದೆ. ಕಿವಿ ಹಿಂದೆ, ಕತ್ತಿನ ಕೆಳಗೆ, ಎಲ್ಲಾ ಕಡೆ ಬಾಚಿ ಬಾಚಿ ನೋಡಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಂಬ ಮಾತು ಇವಳಿಗೆಂದೇ ಹುಟ್ಟಿರಬೇಕು. ನನ್ನ ಮುಖ ಚೆನ್ನಾಗಿ ಕಾಣುತ್ತಿತ್ತು. ಅದನ್ನು ಕಂಡು ನನಗೆ ಅಳು ಬಂತು, ಸಂತೋಷಕ್ಕಲ್ಲ. ಆ ಕೈ ನನ್ನದಾಗಬಾರದಿತ್ತೇ ಎಂದು ಹೊಟ್ಟೆ ಭಗಭಗ ಉರಿಯಿತು.

ಭಾನುವಾರ ಅಕ್ಕ ಮನೆಗೆ ಬಂದಳು. ಬಾಗಿಲು ತೆರೆದದ್ದೇ ತಡ, "ಏನೇ ಇದು! ಹತ್ತು ವರ್ಷ ಚಿಕ್ಕವಳಾಗಿದೀಯಲ್ಲೇ! ಯಾರು ಕತ್ತರಿಸಿದ್ದು?" ಎಂದಳು.

"ಅಲ್ಲೇ, ಹೊಸಬಳು."

"ಓಹ್" ಎಂದಳು. ಆ ಓಹ್ ತುಂಬ ಹೊತ್ತು ಎಳೆಯಿತು. ಆಮೇಲೆ ಬೇರೆ ಮಾತು ತೆಗೆದಳು. ನಾನು ಟೀ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಗೋಡೆಯ ಕನ್ನಡಿ ಮುಂದೆ ನಿಂತು, ತನ್ನ ಕೂದಲನ್ನು ಕೈಯಿಂದ ಹಿಂದಕ್ಕೆ ಒತ್ತಿ ಹಿಡಿದು, ಹೀಗಾದರೆ ಹೇಗೆ ಎಂದು ನೋಡಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಕೈ ಬಿಟ್ಟಳು.

"ನಿಂಗೂ ಬೇಕಾ?" ಎಂದೆ.

"ಛೇ, ಈ ವಯಸ್ಸಲ್ಲಿ ನಂಗ್ಯಾಕೆ? ನೀನು ಮಾಡಿದ್ದೇ ಸಾಕು."

ಸಾಕು ಎಂದಳು. ಚೆನ್ನಾಗಿದೆ ಎನ್ನಲಿಲ್ಲ. ನನ್ನ ಪಾಲಿಗೆ ಉಳಿದ ಒಬ್ಬಳೂ ದಾಕ್ಷಿಣ್ಯಕ್ಕೆ ಕೂರುತ್ತಿದ್ದಾಳೆ. ನಾನು ಆ ನಡುವಿನ ಕುರ್ಚಿಯ ಹಿಂದೆ ನಿಂತಿರುವಷ್ಟು ದಿನ, ನನ್ನ ಮುಖ ಸಣ್ಣದಾಗುತ್ತದೆಂದು, ನಮ್ಮಕ್ಕ ತೊಟ್ಟಿಯ ಕಡೆಗೆ ಕಾಲಿಡುವುದಿಲ್ಲ. ಕನ್ನಡಿಯಲ್ಲಿ ಸುಮ್ಮನೆ ಕೂದಲು ಒತ್ತಿ ನೋಡಿಕೊಂಡೇ ಮುದುಕಿಯಾಗುತ್ತಾಳೆ.

ಮರುದಿನ ಯಜಮಾನಿಗೆ, ಈ ತಿಂಗಳ ಕೊನೆಗೆ ಬಿಡುತ್ತೇನೆ ಎಂದೆ. ಅವರು ಪಟ್ಟಿ ಕಟ್ಟಿದ ಕೈಯಲ್ಲೇ ನನ್ನ ಕೈ ಹಿಡಿದರು, ಬೇಡ ಎನ್ನಲಿಲ್ಲ. ಬೆಣ್ಣೆ ಅತ್ತಳು. ಅಳುವುದನ್ನೂ ನನಗಿಂತ ಚೆನ್ನಾಗಿ ಅಳುತ್ತಾಳೆ, ಮೂಗು ಕೆಂಪಾಗುವುದೇ ಇಲ್ಲ.

ಕೊನೆಯ ದಿನ ಅವಳನ್ನು ಕರೆದು, "ಮುಂದಿನ ವಾರ ನಮ್ಮಕ್ಕ ಬರ್ತಾಳೆ. ನಾನೇ ಕಳಿಸ್ತೀನಿ. ನಂಗೆ ಮಾಡಿದ ಹಾಗೇ ಮಾಡು" ಎಂದೆ.

"ಅವರ ಕೂದಲು ಹೇಗಿದೆ ಆಂಟಿ? ನಿಮಗೆ ಗೊತ್ತಿರೋದೆಲ್ಲ ಹೇಳಿ."

ಗೊತ್ತಿತ್ತು. ಬಲಗಿವಿಯ ಹಿಂದೆ ಅಕ್ಕನಿಗೊಂದು ಸುಳಿಯಿದೆ. ಅಲ್ಲಿ ಒಂದು ಬೆರಳು ಉದ್ದ ಬಿಡದಿದ್ದರೆ ಕೂದಲು ಸೆಟೆದು ನಿಲ್ಲುತ್ತದೆ, ಮಲಗಿ ಎದ್ದ ಮೇಲೆ ಮಾತ್ರ. ಪಾರ್ಲರಿನ ಬಾಗಿಲವರೆಗೆ ಎಷ್ಟು ಸಲ ನಡೆಸಿದರೂ ಅದು ಕಾಣುವುದಿಲ್ಲ.

"ಒಳ್ಳೇ ಕೂದಲು. ಏನೂ ತೊಂದ್ರೆ ಇಲ್ಲ" ಎಂದು ಚೀಲ ಹೆಗಲಿಗೇರಿಸಿದೆ.

ಒಂದು ಬೆಳಿಗ್ಗೆಯಾದರೂ ಅಕ್ಕ ಕನ್ನಡಿ ಮುಂದೆ ನಿಂತು ನನ್ನ ಹೆಸರು ಹಿಡಿದು ಕರೆಯಲಿ.