ಹಾಜರಿದ್ದವರಿಗೇ ಬಹುಮಾನ

ನಮ್ಮ ಚರ್ಚಿನವರು ಜೂಜಾಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರಿಗೂ ನಾವು ಮೊದಲು ಹೇಳುವುದೇ ಇದನ್ನು. ಅಯೋವಾದ ನಮ್ಮ ಪ್ಲಮ್ ಹಾಲೋ ಊರಿನಲ್ಲಿ ರಸ್ತೆಯ ಆಚೆ ಕ್ಯಾಥೊಲಿಕರು, ಈಚೆ ಮೆಥಡಿಸ್ಟರಾದ ನಾವು. ಅವರು ಪ್ರತಿ ಅಕ್ಟೋಬರಿನಲ್ಲಿ ಒಂದು ಹಂದಿಯನ್ನು ರಾಫಲ್‌ಗೆ ಇಡುತ್ತಾರೆ. ಐದು ಡಾಲರ್ ಕೊಟ್ಟು ಚೀಟಿ ಕೊಳ್ಳಬೇಕು. ಚೀಟಿ ಎತ್ತಿದಾಗ ಯಾರ ಹೆಸರು ಬರುತ್ತದೋ ಅವರ ಫ್ರೀಜರ್ ತುಂಬುತ್ತದೆ, ಚರ್ಚಿನ ಗಲ್ಲಾಪೆಟ್ಟಿಗೆಯೂ ತುಂಬುತ್ತದೆ. ನಾವು ಮೂಗು ಮುರಿಯುತ್ತೇವೆ. ಮೂಗು ಮುರಿಯುತ್ತಲೇ ದವಸದಂಗಡಿಯ ಕೌಂಟರಿನಲ್ಲಿ ಎರಡೆರಡು ಚೀಟಿ ಕೊಂಡು ಜೇಬಿಗಿಳಿಸುತ್ತೇವೆ. ನಾನೂ ಕೊಂಡಿದ್ದೇನೆ, ಸುಳ್ಳೇಕೆ ಹೇಳಲಿ.

ಈ ವರ್ಷ ನಮಗೂ ದುಡ್ಡು ಬೇಕಾಯಿತು, ಆರ್ಡಿಸ್‌ಗಾಗಿ. ಆರ್ಡಿಸ್‌ಗೆ ಎಂಬತ್ತಮೂರು. ನಲವತ್ತು ವರ್ಷ ನಮ್ಮ ಕೌದಿ ಹೊಲಿಯುವ ಗುಂಪನ್ನು ಬೈದು ಬೈದೇ ನಡೆಸಿದವಳು, ಇಂದಿಗೂ ಚರ್ಚಿನ ಸಮಿತಿಯ ಸದಸ್ಯೆ. ನಮ್ಮ ಚರ್ಚಿನಲ್ಲಿ ಪ್ರಾರ್ಥನೆ ಮಾತ್ರ ಮೇಲೆ. ಉಳಿದದ್ದೆಲ್ಲ, ಅಂದರೆ ಅಡುಗೆಮನೆ, ಕಾಫಿ, ಸಭೆ, ಸಾವಿನ ಊಟ, ಕೌದಿಯ ಚೌಕಟ್ಟು, ಎಲ್ಲವೂ ನೆಲಮಾಳಿಗೆಯಲ್ಲಿ. ಹದಿನಾಲ್ಕು ಕಡಿದಾದ ಮೆಟ್ಟಿಲು ಇಳಿಯಬೇಕು. ಎರಡು ವರ್ಷದ ಹಿಂದೆ ಸೊಂಟ ಮುರಿದುಕೊಂಡ ಮೇಲೆ ಆರ್ಡಿಸ್ ಕೆಳಗೆ ಬಂದಿಲ್ಲ. ಒಮ್ಮೆ ನಾಲ್ಕು ಗಂಡಸರು ಅವಳನ್ನು ಕುರ್ಚಿಸಮೇತ ಪಿಯಾನೋ ಸಾಗಿಸಿದ ಹಾಗೆ ಎತ್ತಿಕೊಂಡು ಇಳಿಯಹೊರಟರು. ಎರಡನೇ ಮೆಟ್ಟಿಲಲ್ಲೇ ಅವಳು ಕೂಗಿದಳು: "ಇಳಿಸ್ರೋ! ಇನ್ನೊಂದ್ಸಲ ಯಾರಾದ್ರೂ ನನ್ನ ಮುಟ್ಟಿದ್ರೆ ಈ ಕೋಲಲ್ಲೇ ಬಾರಿಸ್ತೀನಿ!" ಅಂದಿನಿಂದ ಪ್ರತಿ ಭಾನುವಾರ ಪ್ರಾರ್ಥನೆ ಮುಗಿದ ಕೂಡಲೇ ನಾವು ಕಾಫಿ ವಾಸನೆ ಹಿಡಿದು ಕೆಳಗಿಳಿಯುತ್ತೇವೆ, ಅವಳು ಮನೆಗೆ ಹೋಗುತ್ತಾಳೆ.

ಗೋಡೆಗುಂಟ ಹಳಿ ಹಾಕಿ, ಗುಂಡಿ ಒತ್ತಿದರೆ ಕೂತವರನ್ನು ಇಳಿಸಿ ಹತ್ತಿಸುವ ಕುರ್ಚಿಯೊಂದು ಬರುತ್ತದೆ. ನಾಲ್ಕು ಸಾವಿರ ಡಾಲರ್. ಅದಕ್ಕೆಂದು ಆರ್ಡಿಸ್ ತಾನೇ ಮನೆಯಲ್ಲಿ ಕೂತು, ಇಡೀ ಚಳಿಗಾಲ ಒಬ್ಬಳೇ ಒಂದು ಕೌದಿ ಹೊಲಿದು ಕೊಟ್ಟಳು. ನೀಲಿ, ಹಳದಿ, ಒಂದೊಂದು ಹೊಲಿಗೆಯೂ ಅಕ್ಕಿಕಾಳಿನಷ್ಟು. ಅದನ್ನೇ ಬಹುಮಾನವಾಗಿ ಇಡುವುದೆಂದಾಯಿತು. ಹೇಗೆ ಎನ್ನುವುದೇ ಜಗಳ.

"ಇದರಲ್ಲಿ ಯೋಚನೆ ಮಾಡೋದೇನಿದೆ? ರಾಫಲ್ ಇಡೋಣ," ಅಂದೆ ನಾನು.

ಸಮಿತಿಯ ಅಧ್ಯಕ್ಷ ಮರ್ಲ್ ಕನ್ನಡಕ ತೆಗೆದ. ಮೂವತ್ತು ವರ್ಷ ವಿಮೆ ಮಾರಿ ನಿವೃತ್ತನಾದವನು. ಸಣ್ಣ ಅಕ್ಷರದಲ್ಲಿ ಅಚ್ಚಾದದ್ದನ್ನು ಕಂಡರೆ ಅವನಿಗೆ ಪ್ರಾಣ.

"ಡಾರ್ಲಾ, ದೇವರ ಮನೇಲಿ ಕೂತು ಎಂಥಾ ಮಾತು ಆಡ್ತೀಯೇ? ರಾಫಲ್ ಅಂದ್ರೆ ಜೂಜು. ದುಡ್ಡು ಕೊಟ್ರೇನೇ ಚೀಟಿ. ನಾವು ಸ್ವೀಪ್‌ಸ್ಟೇಕ್ಸ್ ಮಾಡೋಣ. ಅದರಲ್ಲಿ ದುಡ್ಡು ಕಡ್ಡಾಯ ಅಲ್ಲ. ಒಂದು ಕಾರ್ಡಿನ ಮೇಲೆ ಹೆಸರು ಬರೆದು ಹಾಕಿದ್ರೆ ಸಾಕು. ಮನಸ್ಸಿದ್ದೋರು ಮನಸ್ಸಿದ್ದಷ್ಟು ಕೊಡ್ಲಿ."

"ಕೊಟ್ಟೋರಿಗೆ ಗೆಲ್ಲೋ ಅವಕಾಶ ಸ್ವಲ್ಪ ಜಾಸ್ತಿನಾ?"

"ಛೆ ಛೆ, ಇಬ್ಬರಿಗೂ ಸಮ. ಕಾನೂನೇ ಹಾಗಿದೆ."

"ಹಾಗಾದ್ರೆ ಕೊಡೋ ಹುಚ್ಚ ಯಾರಪ್ಪಾ?"

"ನಮ್ಮ ಜನ ಕೊಡ್ತಾರೆ ಕಣೇ. ಸ್ವಲ್ಪ ನಂಬಿಕೆ ಇಡು," ಎಂದ ಮರ್ಲ್. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಲ್ಲರ ಕೈ ಮೇಲೆದ್ದಿತು.

ನಮ್ಮ ಜನ ಕೊಟ್ಟರು, ಹೆಸರುಗಳನ್ನು! ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ. ಆರು ನೂರ ಹನ್ನೆರಡು ಕಾರ್ಡು ಬಂದು ಬಿದ್ದವು. ಮರ್ಲ್‌ನ ಮನೆಯಿಂದಲೇ ಮೂವತ್ತು, ಅರಿಜೋನಾದಲ್ಲಿರುವ ಮೊಮ್ಮಕ್ಕಳದೂ ಸೇರಿ. ಪಕ್ಕದ ಕಾಣಿಕೆ ಡಬ್ಬಿಯಲ್ಲಿ ನಲವತ್ತಮೂರು ಡಾಲರ್. ಅದರಲ್ಲಿ ಇಪ್ಪತ್ತು, ಕಾಫಿ ಕುಡಿಯಲು ಬಂದಿದ್ದ ರಸ್ತೆಯಾಚೆಯ ಪಾದ್ರಿಯದು. ಪಾಪ, ಅವರಿಗೆ ನಿಯಮ ಗೊತ್ತಿರಲಿಲ್ಲ.

"ಪ್ರತಿಕ್ರಿಯೆ ಅದ್ಭುತ," ಎಂದ ಮರ್ಲ್. ನನಗೆ ಮೈಯೆಲ್ಲ ಉರಿದುಹೋಯಿತು.

ನವೆಂಬರಿನ ಮೊದಲ ಭಾನುವಾರ ಮಧ್ಯಾಹ್ನ ನೆಲಮಾಳಿಗೆಯಲ್ಲಿ ಕಾರ್ಡು ಎತ್ತುವ ಸಮಾರಂಭ. ಕುಂಬಳಕಾಯಿ ಪೈ, ಕಾಫಿ, ನೂರು ಜನ. ಆರ್ಡಿಸ್‌ಗೆ ಮೆಟ್ಟಿಲಿನ ಮೇಲ್ತುದಿಯಲ್ಲಿ ಕುರ್ಚಿ ಹಾಕಿ, ಕೇಳಿಸಲೆಂದು ಬಾಗಿಲು ತೆರೆದಿಟ್ಟಿದ್ದೆವು. ಮರ್ಲ್ ಕಣ್ಣು ಮುಚ್ಚಿ ಪೆಟ್ಟಿಗೆಯೊಳಗೆ ಕೈ ಹಾಕಿದ. ಕಾರ್ಡು ಓದಿದ. ಮತ್ತೊಮ್ಮೆ ಓದಿದ.

"ಆರ್ಡಿಸ್ ಪೆಟಿಗ್ರೂ."

ಚಪ್ಪಾಳೆಯೋ ಚಪ್ಪಾಳೆ. ನಾನು ಕೌದಿ ಎತ್ತಿಕೊಂಡು ಮೆಟ್ಟಿಲ ಕಡೆ ಓಡಿದೆ.

"ನಿಲ್ಲು ಡಾರ್ಲಾ," ಎಂದ ಮರ್ಲ್. ಗೋಡೆಯ ಮೇಲಿನ ಪೋಸ್ಟರಿಗೆ ಬೆರಳಿಟ್ಟು ಓದಿದ: "ಗೆದ್ದವರು ಕಾರ್ಡು ಎತ್ತುವಾಗ ಸಭಾಂಗಣದಲ್ಲಿ ಹಾಜರಿರಬೇಕು."

ಪೋಸ್ಟರ್ ಟೈಪ್ ಮಾಡಿದವಳು ನಾನೇ. ಕ್ಯಾಥೊಲಿಕರ ಹಂದಿ ಪೋಸ್ಟರನ್ನು ಮುಂದಿಟ್ಟುಕೊಂಡು, ಹಂದಿ ಎಂದಿದ್ದಲ್ಲಿ ಕೌದಿ ಎಂದು ಹಾಕಿ, ಉಳಿದದ್ದನ್ನು ಇದ್ದ ಹಾಗೇ ಇಳಿಸಿದ್ದೆ. ಅವರ ಸಭಾಂಗಣಕ್ಕೆ ಒಂದು ಮೆಟ್ಟಿಲೂ ಇಲ್ಲ.

"ಅಲ್ಲೇ ಮೇಲೆ ಕೂತಿದ್ದಾಳಲ್ಲೋ! ಅವಳ ಕೆಮ್ಮು ಇಲ್ಲಿಗೇ ಕೇಳಿಸ್ತಿದೆ!"

"ಮೇಲೆ ಇರೋದು ಸಭಾಂಗಣ ಅಲ್ಲ. ನೋಡು, ನನಗೇನೂ ದ್ವೇಷ ಇಲ್ಲ. ಹೊಲಿದೋಳಿಗೇ ಕೌದಿ ಹೋಯ್ತು, ಅದೂ ನಿಯಮ ಮುರಿದು ಕೊಟ್ರು ಅಂದ್ರೆ, ರಸ್ತೆಯಾಚೆಯೋರು ಏನಂತಾರೆ? ಇನ್ನೊಂದು ಕಾರ್ಡು ಎತ್ತೋಣ."

ದೇವರು ವರ ಕೊಟ್ಟರೂ ಪೂಜಾರಿ ಬಿಡ. ನಾನು ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲಿನ ಮೇಲಿಂದ ಧಡ್ ಎಂದು ಸದ್ದಾಯಿತು. ತಡೆದು, ಇನ್ನೊಂದು ಧಡ್.

ಆರ್ಡಿಸ್ ಕೂತುಕೊಂಡೇ ಇಳಿಯುತ್ತಿದ್ದಳು. ಎರಡೂ ಅಂಗೈ ಊರಿ, ದೇಹವನ್ನು ಒಂದು ಮೆಟ್ಟಿಲು ಕೆಳಗೆ ಜಾರಿಸುವುದು, ಉಸಿರು ತೆಗೆದುಕೊಳ್ಳುವುದು, ಮತ್ತೆ ಜಾರಿಸುವುದು. ಭಾನುವಾರದ ಒಳ್ಳೆಯ ಲಂಗ ಮೊಣಕಾಲಿನವರೆಗೆ ಸರಿದಿತ್ತು. ನೂರು ಜನ ಎದ್ದು ನಿಂತರು. ಕೋಲಿನ ಹೆದರಿಕೆಗೆ ಒಬ್ಬರೂ ಹತ್ತಿರ ಹೋಗಲಿಲ್ಲ. ಹದಿನಾಲ್ಕು ಮೆಟ್ಟಿಲು ಮುಗಿಸಿದಾಗ ಅವಳ ಮುಖ ಬಿಳುಚಿಕೊಂಡಿತ್ತು.

"ಈಗ ಹಾಜರಿದ್ದೀನೇನೋ, ಮರ್ಲ್?"

"ಇದ್ದೀಯ," ಎಂದ ಮರ್ಲ್, ಸಂತೋಷದಿಂದಲೇ. ಇನ್ನೂ ಜೋರಾಗಿ ಚಪ್ಪಾಳೆ ಬಿತ್ತು. ಕೆಲವರು ಕಣ್ಣೊರೆಸಿಕೊಂಡರು. ನಾನೂ ಅತ್ತೆ, ಸಿಟ್ಟಿಗೆ.

ಎಲ್ಲರೂ ಹೋದ ಮೇಲೆ ಅವಳು ಕೂತೇ, ಹಿಮ್ಮುಖವಾಗಿ ಮೇಲೆ ಹತ್ತಿದಳು. ಮುಟ್ಟಲು ಬಿಡಲಿಲ್ಲ. ಕೌದಿ ಹಿಡಿದು ನಾನು ಒಂದೊಂದೇ ಮೆಟ್ಟಿಲು ಹತ್ತಿದೆ. ಮುಕ್ಕಾಲು ಗಂಟೆ ಹಿಡಿಯಿತು.

"ನೀನೂ ಯಾಕೆ ಕಾರ್ಡು ಹಾಕಿದೆ ಮಾರಾಯ್ತಿ?" ಎಂದೆ.

"ನಲವತ್ತು ವರ್ಷ ಊರಿಗೆಲ್ಲ ಹೊಲಿದೆ. ನನ್ನ ಮನೇಲಿ ನಾನು ಹೊದ್ಕೊಳ್ಳೋದು ಅಂಗಡೀಲಿ ತಂದಿದ್ದು ಕಣೇ," ಎಂದಳು.  ಆಮೇಲೆ ನೋವಿಗೆ ಎರಡು ವಾರ ಹಾಸಿಗೆ ಬಿಟ್ಟು ಏಳಲಿಲ್ಲ.

ಸಮಾರಂಭವಾದ ಎರಡೇ ದಿನಕ್ಕೆ, ಮಂಗಳವಾರ, ಸಮಿತಿ ಸೇರಿತು. ಕುರ್ಚಿಯ ವಿಷಯ ಬಂದಾಗ ಮರ್ಲ್ ಗಂಟಲು ಸರಿಪಡಿಸಿಕೊಂಡ.

"ದೇವರ ದಯೆ, ಆರ್ಡಿಸ್ ಇಳಿಯಬಲ್ಲಳು ಅಂತ ನಾವೆಲ್ಲ ಕಣ್ಣಾರೆ ನೋಡಿದ್ವಲ್ಲ. ಹಾಗಿದ್ಮೇಲೆ ನಾಲ್ಕು ಸಾವಿರದ ಕುರ್ಚಿ ಯಾಕೆ? ಈ ನಲವತ್ತಮೂರು ಡಾಲರಿಗೆ ಒಂದು ಹೊಸ ಕಾಫಿ ಪಾತ್ರೆ ಬರುತ್ತೆ."

"ಅವಳನ್ನೇ ಒಂದು ಮಾತು ಕೇಳಬಾರದಾ?" ಎಂದೆ.

"ಕೇಳೋಕೆ ಅವಳು ಸಭೆಗೆ ಬರಬೇಕಲ್ಲಮ್ಮಾ," ಎಂದ ಮರ್ಲ್.

ಒಂಬತ್ತು ಕೈ ಎದ್ದವು. ನನ್ನ ಕೈ ಏಳಲಿಲ್ಲ, ನಾನು ಬರೆದುಕೊಳ್ಳುತ್ತಿದ್ದೆ. ಸಮಿತಿಯ ಕಾರ್ಯದರ್ಶಿ ನಾನು. ಹಾಜರಿ ಪಟ್ಟಿಯಲ್ಲಿ ಆರ್ಡಿಸ್ ಹೆಸರಿನ ಮುಂದೆ, ಎರಡು ವರ್ಷದಿಂದ ಬರೆಯುತ್ತಾ ಬಂದ ಹಾಗೇ, ಗೈರುಹಾಜರಿ ಎಂದು ಬರೆದೆ.