ಸಮ ಬಾರದ ನೀರು

"ಅದು ಕೊಕ್ಕರೆಯಲ್ಲ, ಬೂದು ಬಕ," ಎಂದ ನಾರ್ಮನ್.

ಅವನ ಹೆಂಡತಿ ಎನಿಡ್ ಹಕ್ಕಿಯ ವಿಷಯ ಎತ್ತಿಯೇ ಇರಲಿಲ್ಲ. "ನಾರ್ಮನ್, ನೆನ್ನೆ ಹೇಳಿದ್ನಲ್ಲ..." ಎಂದು ಶುರುಮಾಡಿದ್ದಳು, ಅಷ್ಟೇ.

ನಿನ್ನೆ ಸಂಜೆ ಪಾತ್ರೆ ಒರೆಸುತ್ತ ಅವಳು ಹೇಳಿದ್ದು ಇಷ್ಟು: "ನಾಳೆ ನಡೀವಾಗ ಒಂದು ಮಾತು ಹೇಳ್ಬೇಕು. ಮಧ್ಯೆ ಬಾಯಿ ಹಾಕ್ಬೇಡ." ಆ ಮಾತು ಏನೆಂದು ಅವನಿಗೆ ಗೊತ್ತಿತ್ತು. ಅಟ್ಟದಿಂದ ಇಳಿದ ಅವಳ ಸೂಟ್‌ಕೇಸ್ ವಾರದಿಂದ ಹಜಾರದಲ್ಲೇ ಇದೆ. ಇಬ್ಬರೂ ಅದನ್ನು ಸುತ್ತಿ ಬಳಸಿ ಓಡಾಡುತ್ತಿದ್ದಾರೆ. ಒಮ್ಮೆ ಎಡವಿದಾಗ ನಾರ್ಮನ್ ಅದಕ್ಕೇ "ಸಾರಿ" ಅಂದಿದ್ದ.

ಹೋಗಬೇಡ ಅನ್ನಬೇಕು. ಅಷ್ಟೇ. ಆದರೆ ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಪಾಠ ಮಾಡಿದ ಬಾಯಿಗೆ ಆ ಮಾತೊಂದು ಬರುವುದಿಲ್ಲ.

ನಿವೃತ್ತಿಯಾದ ಮೇಲೆ ಲೀಡ್ಸ್‌ನಿಂದ ಲಿವರ್‌ಪೂಲ್‌ವರೆಗಿನ ಕಾಲುವೆಯ ದಂಡೆಯನ್ನು ಭಾನುವಾರಕ್ಕೆ ಒಂದು ತುಂಡಿನಂತೆ ನಡೆದು ಮುಗಿಸುವ ಯೋಜನೆ ಅವನದೇ. ಹಿಂದೆ ದೋಣಿ ಎಳೆಯುವ ಕುದುರೆಗಾಗಿ ಮಾಡಿದ ದಾರಿ, ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲವಿಲ್ಲ. ಅವನು ಮುಂದೆ, ಅವಳು ಹಿಂದೆ. ಇದು ಅವನಿಗೆ ಅನುಕೂಲವೆಂದೇ ಕಂಡಿತ್ತು.

ಊರಿನ ಹಿತ್ತಿಲಲ್ಲಿ ಹಳೆಯ ಬಟ್ಟೆಗಿರಣಿಗಳು, ನೀರಲ್ಲಿ ಅರ್ಧ ಮುಳುಗಿದ ಅಂಗಡಿಯ ತಳ್ಳುಬುಟ್ಟಿ. ಎದುರಾದವರಿಗೆಲ್ಲ "ಮಾರ್ನಿಂಗ್" ಅನ್ನಲೇಬೇಕು, ಅದು ದಂಡೆಯ ರಿವಾಜು. ನಾಯಿ ಹಿಡಿದವರಿಗೆ, ಗಾಳ ಹಾಕಿ ಕೂತವರಿಗೆ ನಾರ್ಮನ್ ಮನಸಾರೆ ಅಂದ. ಅವಳು ಬಾಯಿ ತೆರೆದಾಗಲೆಲ್ಲ ಹಿಂದಿನಿಂದ ಯಾವನೋ ಸೈಕಲ್ ಗಂಟೆ ಬಾರಿಸುತ್ತಿದ್ದ. ಇಬ್ಬರೂ ಬೇಲಿಗೆ ಒರಗಿ ಅವನಿಗೆ ದಾರಿ ಬಿಡುತ್ತಿದ್ದರು. ಮತ್ತೆ ಅದೇ ಸಾಲು.

ಹುಲ್ಲುಗಾವಲು ಬಂತು, ಕುರಿಗಳು ಬಂದವು. "ಚಹಾ ಕುಡಿಯೋಣ್ವಾ?" ಅಂದ.

"ಈಗ ತಾನೇ ಕುಡಿದ್ವಿ."

ಮುಂದೆ ಲಾಕ್ ಕಾಣಿಸಿತು. ಎರಡೂ ತುದಿಗೆ ಬಾಗಿಲಿರುವ ಕಲ್ಲುತೊಟ್ಟಿ, ನೀರು ತುಂಬಿಸಿ ದೋಣಿಯನ್ನು ಮೇಲಿನ ಮಟ್ಟಕ್ಕೆ ಏರಿಸುವಂಥದ್ದು. ಒಳಗೊಂದು ದೋಣಿ ಆಗಲೇ ಬಂದು ನಿಂತಿತ್ತು. ಅದರ ಒಡತಿ, ಕೆಂಪು ಟೊಪ್ಪಿಗೆಯ ಡಾಟ್, ಒಂಟಿಯಾಗಿ ಒದ್ದಾಡುತ್ತಿದ್ದಳು. ಹಾದುಹೋಗುವವರು ಇಲ್ಲಿ ಬಾಗಿಲು ತಳ್ಳಲು ಬೆನ್ನು ಕೊಡುವುದು ವಾಡಿಕೆ. ನಾರ್ಮನ್ ಓಡಿಯೇ ಹೋದ.

"ಬಾ ಚಿನ್ನ, ದೇವರೇ ಕಳಿಸ್ದಂಗೆ ಬಂದೆ! ಆಚೆ ದಡಕ್ಕೆ ಹೋಗಿ ಕೆಳಬಾಗಿಲು ಮುಚ್ಚು. ಅದರ ತೂಬು ಇಳಿಸಿ ನೀರಿನ ಕಿಂಡಿ ಮುಚ್ಚೋದು ಮರೀಬೇಡ, ಆಮೇಲೆ ಮೇಲ್ಬಾಗಿಲಿಗೆ ಬಾ."

"ನನಗೆ ಗೊತ್ತು, ಗೊತ್ತು," ಅಂದ. ಆಚೆ ದಾಟಿದ, ಬಾಗಿಲು ಮುಚ್ಚಿದ, ತೂಬಿನ ಹಿಡಿಕೆಗೆ ಕೈ ಹಾಕಿದ.

"ನಾರ್ಮನ್." ಎನಿಡ್ ಈಚೆ ದಡದಲ್ಲಿ ನಿಂತಿದ್ದಳು. ನಡುವೆ ತೊಟ್ಟಿ. "ನಾಳೆ ಅಕ್ಕನ ಮನೆಗೆ ಹೋಗ್ತಿದೀನಿ. ವಾಪಸ್ ಬರಲ್ಲ. ಬೇಡ ಅಂತ ನಿನಗೆ ಅನ್ಸಿದ್ರೆ ಈಗ ಹೇಳು."

ಅವನ ಕೈ ಹಿಡಿಕೆಯಿಂದ ಜಾರಿತು.

"ಒಂದು ನಿಮಿಷ, ಎನಿಡ್. ಇವರ ಬಾಗಿಲೊಂದು ತೆಗೆದುಕೊಟ್ಟು ಬರ್ತೀನಿ."

ಡಾಟ್ ದೋಣಿಯತ್ತ ಮುಖ ಮಾಡಿ ಸುಮ್ಮನೆ ಹಗ್ಗ ಬಿಗಿದಳು.

ನಾರ್ಮನ್ ಆಚೆ ದಡದಲ್ಲೇ ಮೇಲ್ಬಾಗಿಲ ಬಳಿಗೆ ನಡೆದ. ಡಾಟ್ ಮೇಲಿನ ತೂಬು ಎತ್ತಿದಳು, ನೀರು ಬೊಬ್ಬಿರಿಯುತ್ತ ನುಗ್ಗಿತು. ಅವನು ಬಾಗಿಲಿಗೆ ಜೋಡಿಸಿದ ಉದ್ದ ತೊಲೆಗೆ ಬೆನ್ನು ಕೊಟ್ಟು, ಕಾಲು ಊರಿ ತಳ್ಳಿದ. ಅಲುಗಲಿಲ್ಲ.

"ಎರಡು ಕಡೆ ನೀರು ಸಮ ಆಗೋವರೆಗೂ ಬಗ್ಗಲ್ಲ ಕಣಪ್ಪ ಅದು. ಸುಮ್ನೆ ಯಾಕೆ ಸೊಂಟ ಮುರ್ಕೋತೀಯ?"

ಕಾದರು. ದೋಣಿ ಅರ್ಧಕ್ಕೆ ಏರಿ ನಿಂತುಬಿಟ್ಟಿತು. ಎನಿಡ್ ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಚೀಲದಿಂದ ಫ್ಲಾಸ್ಕ್ ತೆಗೆದು ದಂಡೆಯ ಕಲ್ಲಿನ ಮೇಲಿಟ್ಟು, ದಾರಿ ಹಿಡಿದು ಹೊರಟಳು.

ಆಗ ಅವನಿಗೆ ಕೇಳಿಸಿತು. ಕೆಳಬಾಗಿಲಲ್ಲಿ ನೀರು ಸೋರುತ್ತಿದೆ. ತಾನು ಇಳಿಸದೆ ಬಿಟ್ಟ ತೂಬು. ಎಷ್ಟು ತುಂಬಿದರೂ ಅಷ್ಟೂ ಹೋಗುತ್ತಿದೆ.

ತೂಬು ಅವನ ದಡದಲ್ಲೇ ಕೆಳತುದಿಗೆ, ಎನಿಡ್ ಎದುರು ದಡದಲ್ಲಿ. ಕೂಗಿದರೆ ಇನ್ನೂ ಕೇಳುವಷ್ಟು ಹತ್ತಿರದಲ್ಲಿದ್ದಳು. ಎದುರಿನಿಂದ ಬಂದ ಯಾರೋ ಅವಳಿಗೆ "ಮಾರ್ನಿಂಗ್" ಅಂದರು. ಅವಳೂ ಅಂದಳು.

"ಏನಾಯ್ತೋ ಇದಕ್ಕೆ ದರಿದ್ರ!" ಎಂದು ಡಾಟ್ ಗೊಣಗಿದಳು.

ನಾರ್ಮನ್ ತಿರುಗಿ ತೊಲೆಗೆ ಬೆನ್ನು ಒತ್ತಿ, ಕಣ್ಣು ಮುಚ್ಚಿ, ಇದ್ದ ಬಲವನ್ನೆಲ್ಲ ಹಾಕಿ ಮತ್ತೆ ತಳ್ಳತೊಡಗಿದ.